ಹದಿಮೂರು ದಿನ ಬಾಳಿದ ಸಂಶೋಧನೆ

2020ರ ಜನವರಿ 24, ಶುಕ್ರವಾರ. ಚೀನಾ ಸರ್ಕಾರ ವುಹಾನ್ ನಗರವನ್ನು ಮುಚ್ಚಿ ಒಂದು ದಿನವಾಗಿತ್ತಷ್ಟೆ. ಅಂದು ಲಂಡನ್ನಿನ ವೈದ್ಯಕೀಯ ವಾರಪತ್ರಿಕೆ ‘ದಿ ಲ್ಯಾನ್ಸೆಟ್’ ತನ್ನ ಜಾಲತಾಣದಲ್ಲಿ ಎರಡು ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿತು. ಒಂದರಲ್ಲಿ ವುಹಾನ್‌ನ 41 ರೋಗಿಗಳ ವಿವರವಿತ್ತು. ಅವರಲ್ಲಿ 13 ಮಂದಿ ತೀವ್ರ ನಿಗಾ ಘಟಕ ಸೇರಿದ್ದರು, ಆರು ಮಂದಿ ಸತ್ತಿದ್ದರು. ಎಲ್ಲರೂ ಬೊಟ್ಟು ಮಾಡುತ್ತಿದ್ದ ಸಮುದ್ರಾಹಾರದ ಮಾರುಕಟ್ಟೆಯ ಸಂಪರ್ಕ ಇದ್ದದ್ದು 27 ಮಂದಿಗೆ ಮಾತ್ರ. ಎಲ್ಲರಿಗಿಂತ ಮೊದಲು ಕಾಯಿಲೆ ಬಿದ್ದ ವ್ಯಕ್ತಿಗೆ ಆ ಮಾರುಕಟ್ಟೆಯ ಸಂಪರ್ಕವೇ ಇರಲಿಲ್ಲ.

ಇನ್ನೊಂದು ಪ್ರಬಂಧ ಒಂದೇ ಕುಟುಂಬದ ಕಥೆ. ಶೆನ್‌ಜೆನ್ ನಗರದ ಆರು ಮಂದಿ ವರ್ಷಾಂತ್ಯದಲ್ಲಿ ವುಹಾನ್‌ನ ನೆಂಟರ ಮನೆಗೆ ಹೋಗಿ ಬಂದಿದ್ದರು. ಅವರಲ್ಲಿ ಯಾರೂ ಮಾರುಕಟ್ಟೆಯತ್ತ ಸುಳಿದಿರಲಿಲ್ಲ. ಇಬ್ಬರು ಅಲ್ಲಿನ ಒಂದು ಆಸ್ಪತ್ರೆಗೆ ಹೋಗಿದ್ದರು, ಅಷ್ಟೆ. ವಾಪಸಾದ ಮೇಲೆ ಐವರಿಗೆ ಸೋಂಕು ಕಂಡಿತು. ಪ್ರಯಾಣವನ್ನೇ ಮಾಡದೆ ಊರಲ್ಲೇ ಇದ್ದ ಮನೆಯ ಇನ್ನೊಬ್ಬರಿಗೂ ಅಂಟಿತು. ಹತ್ತು ವರ್ಷದ ಹುಡುಗನಿಗೆ ಜ್ವರವಿಲ್ಲ, ಕೆಮ್ಮಿಲ್ಲ, ಆದರೆ ಸ್ಕ್ಯಾನ್ ತೆಗೆದರೆ ಶ್ವಾಸಕೋಶದಲ್ಲಿ ಮಬ್ಬು ಕಲೆಗಳು. ಏಳು ವರ್ಷದ ಇನ್ನೊಂದು ಮಗು ಮಾತ್ರ ಪಾರಾಗಿತ್ತು. ಆ ಮಗು ವುಹಾನ್‌ನಲ್ಲಿ ಹೆಚ್ಚು ಹೊತ್ತು ಮಾಸ್ಕ್ ಹಾಕಿಕೊಂಡೇ ಇತ್ತು ಎಂದು ತಾಯಿ ಹೇಳಿದ್ದನ್ನೂ ವೈದ್ಯರು ಬರೆದಿಟ್ಟಿದ್ದರು.

ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ, ಲಕ್ಷಣವೇ ಇಲ್ಲದವರಲ್ಲೂ ಅಡಗಿರುತ್ತದೆ, ಮಾಸ್ಕ್ ಉಪಯೋಗಕ್ಕೆ ಬರಬಹುದು: ಮುಂದೆ ಜಗತ್ತು ತಿಂಗಳುಗಟ್ಟಲೆ ಜಗಳವಾಡಿದ ಎಲ್ಲ ಸಂಗತಿಗಳೂ ಆ ಕೆಲವು ಪುಟಗಳಲ್ಲಿದ್ದವು. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲಿ ಆದದ್ದು ಮಾರ್ಚ್ 10ರಂದು, ಈ ಪ್ರಬಂಧಗಳು ಬಂದು ಆರು ವಾರ ದಾಟಿದ ಮೇಲೆ. ವೈದ್ಯಕೀಯ ಪತ್ರಿಕೆಯೊಂದು ತನ್ನ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡಲು ಸಾಧ್ಯವಿಲ್ಲ. ಅದೇ ಪತ್ರಿಕೆ ಅದೇ ವರ್ಷದ ಮೇ ತಿಂಗಳಲ್ಲಿ, ಎಲ್ಲಿಯೂ ಇದ್ದಂತೆ ತೋರದ ರೋಗಿಗಳ ಮೇಲೆ ನಿಂತ ಪ್ರಬಂಧವೊಂದನ್ನು ಪ್ರಕಟಿಸಿ ಮುಖಭಂಗ ಅನುಭವಿಸಿತು. ಒಂದೇ ಕಚೇರಿ, ಒಂದೇ ಸಂಪಾದಕ ಬಳಗ, ಒಂದೇ ನಿಯಮಾವಳಿ. ಹೀಗೇಕಾಯಿತು ಎಂದು ಕೇಳಿಕೊಂಡರೆ ಇಂಥ ಪತ್ರಿಕೆಗಳು ಒಳಗಿನಿಂದ ಹೇಗೆ ನಡೆಯುತ್ತವೆ ಎಂಬುದು ತಿಳಿಯುತ್ತದೆ.

ಲ್ಯಾನ್ಸೆಟ್ ಶುರುವಾದದ್ದು 1823ರ ಅಕ್ಟೋಬರ್ 5ರಂದು. ಶುರು ಮಾಡಿದವರು ಥಾಮಸ್ ವೇಕ್ಲಿ ಎಂಬ ಶಸ್ತ್ರವೈದ್ಯ. ಮನುಷ್ಯ ಜಗಳಗಂಟ. ಲಂಡನ್ನಿನ ದೊಡ್ಡ ಆಸ್ಪತ್ರೆಗಳ ಹುದ್ದೆಗಳು ನೆಂಟರಿಷ್ಟರ ಪಾಲಾಗುತ್ತಿದ್ದ ಕಾಲವದು. ಪ್ರಖ್ಯಾತ ವೈದ್ಯರು ದುಡ್ಡು ತೆಗೆದುಕೊಂಡು ಕೊಡುತ್ತಿದ್ದ ಉಪನ್ಯಾಸಗಳನ್ನು ವೇಕ್ಲಿ ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದರು. 1828ರಲ್ಲಿ ಬ್ರಾನ್ಸ್‌ಬಿ ಕೂಪರ್ ಎಂಬ ಶಸ್ತ್ರವೈದ್ಯರು ಮೂತ್ರಕೋಶದ ಕಲ್ಲು ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಎಡವಿ ರೋಗಿ ಸತ್ತಾಗ ಅದನ್ನೂ ಬರೆದರು. ಚಿಕ್ಕಪ್ಪನ ಪ್ರಭಾವದಿಂದ ಹುದ್ದೆ ಹಿಡಿದವರು ಎಂದು ಚುಚ್ಚಿದರು. ಮಾನನಷ್ಟ ಮೊಕದ್ದಮೆಯಲ್ಲಿ ಸೋತು ವೇಕ್ಲಿ ನೂರು ಪೌಂಡ್ ತೆರಬೇಕಾಯಿತು. 1850ರ ದಶಕದಲ್ಲಿ ಇದೇ ಪತ್ರಿಕೆ ಆಹಾರ ಪದಾರ್ಥಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷೆ ಮಾಡಿಸಿ, ಕಲಬೆರಕೆ ಮಾಡಿದ ಅಂಗಡಿಯವರ ಹೆಸರು ವಿಳಾಸಗಳನ್ನು ಪ್ರಕಟಿಸುತ್ತಿತ್ತು. ಇಂದಿನ ನಮ್ಮ ಪತ್ರಿಕೆಗಳಿಗೆ ಆ ಧೈರ್ಯ ಇದೆಯೇ ಎಂಬುದು ಬೇರೆ ಮಾತು.

1995ರಿಂದ ಸಂಪಾದಕರಾಗಿದ್ದ ರಿಚರ್ಡ್ ಹಾರ್ಟನ್ ಕೂಡ ವೇಕ್ಲಿಯ ಜಾಯಮಾನದವರೇ. ಒಡೆತನ ಮಾತ್ರ ಬದಲಾಗಿತ್ತು. 1991ರಿಂದ ಲ್ಯಾನ್ಸೆಟ್ ಎಲ್ಸೆವಿಯರ್ ಎಂಬ ದೈತ್ಯ ಪ್ರಕಾಶನ ಸಂಸ್ಥೆಯ ಸ್ವತ್ತು.

ಇಂಥ ಪತ್ರಿಕೆಗೆ ಬರುವ ಪ್ರಬಂಧಗಳಲ್ಲಿ ಬಹುಪಾಲು ಮೊದಲ ಬಾಗಿಲಲ್ಲೇ ತಿರಸ್ಕೃತವಾಗುತ್ತವೆ. ಕಚೇರಿಯಲ್ಲಿರುವ ಪೂರ್ಣಾವಧಿ ಸಂಪಾದಕರು ಓದಿ, ಇದು ಹೊಸದೇ, ಚಿಕಿತ್ಸೆಯನ್ನು ಬದಲಿಸಬಲ್ಲದೇ ಎಂದು ನೋಡುತ್ತಾರೆ. ಉಳಿದವು ಪೀರ್ ರಿವ್ಯೂಗೆ, ಅಂದರೆ ಅದೇ ಕ್ಷೇತ್ರದ ಮೂರ್ನಾಲ್ಕು ತಜ್ಞರ ಪರಿಶೀಲನೆಗೆ ಹೋಗುತ್ತವೆ. ಸಂಖ್ಯಾಶಾಸ್ತ್ರಜ್ಞರೊಬ್ಬರೂ ಸಾಮಾನ್ಯವಾಗಿ ಅದರಲ್ಲಿರುತ್ತಾರೆ. ಇವರಿಗೆ ಸಂಬಳವಿಲ್ಲ, ಹೆಸರು ಹೊರಗೆ ಬರುವುದಿಲ್ಲ. ಹಗಲೆಲ್ಲ ವಾರ್ಡಿನಲ್ಲೋ ಪ್ರಯೋಗಾಲಯದಲ್ಲೋ ದುಡಿದು ರಾತ್ರಿ ಬೇರೆಯವರ ಪ್ರಬಂಧ ತಿದ್ದುವ ಬಿಟ್ಟಿ ಚಾಕರಿ ಅದು. ಲಾಭ ಪ್ರಕಾಶಕರಿಗೆ. ಈ ವ್ಯವಸ್ಥೆ ಇಷ್ಟು ಕಾಲ ನಡೆದು ಬಂದಿರುವುದೇ ಒಂದು ಸೋಜಿಗ.

ಸಾಮಾನ್ಯ ವರ್ಷದಲ್ಲಿ ಇದೆಲ್ಲ ಮುಗಿಯಲು ತಿಂಗಳುಗಳೇ ಬೇಕು. 2020ರಲ್ಲಿ ದಿನಗಳ ಲೆಕ್ಕ. ಪ್ರಬಂಧಗಳು ಮಳೆಯಂತೆ ಸುರಿದವು, ಪರಿಶೀಲಿಸಬೇಕಾದ ತಜ್ಞರೇ ಕೋವಿಡ್ ವಾರ್ಡುಗಳಲ್ಲಿದ್ದರು. ಪರಿಶೀಲನೆಗೆ ಮೊದಲೇ ಕರಡನ್ನು ಸಾರ್ವಜನಿಕಗೊಳಿಸುವ ಪ್ರಿಪ್ರಿಂಟ್ ತಾಣಗಳು ಇನ್ನೊಂದು ಕಡೆಯಿಂದ ಒತ್ತಡ ಹೇರುತ್ತಿದ್ದವು. ತಡ ಮಾಡಿದರೆ ಜನ ಸಾಯುತ್ತಾರೆ, ಅವಸರ ಮಾಡಿದರೆ ತಪ್ಪು ಔಷಧದಿಂದ ಸಾಯುತ್ತಾರೆ. ಸಂಪಾದಕರ ಮುಂದಿದ್ದ ಆಯ್ಕೆ ಅದು.

ಇನ್ನು ಮೇ ತಿಂಗಳ ಕಥೆ.

ಮಲೇರಿಯಾ, ಸಂಧಿವಾತ, ಲೂಪಸ್‌ಗೆ ಕೊಡುವ ಹಳೆಯ ಮಾತ್ರೆ ಹೈಡ್ರಾಕ್ಸಿಕ್ಲೋರೊಕ್ವಿನ್ ಕೋವಿಡ್‌ಗೂ ರಾಮಬಾಣ ಎಂಬ ಸುದ್ದಿ ಆಗ ಜೋರಾಗಿತ್ತು. ಅಮೆರಿಕದ ಅಧ್ಯಕ್ಷ ಟ್ರಂಪ್ ಅದರ ಪ್ರಚಾರಕರಾಗಿದ್ದರು. ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮಾರ್ಚ್‌ನಲ್ಲೇ ಆರೋಗ್ಯ ಸಿಬ್ಬಂದಿಗೆ ಮುಂಜಾಗ್ರತೆಯಾಗಿ ಇದನ್ನು ಶಿಫಾರಸು ಮಾಡಿತ್ತು. ಔಷಧದ ಅಂಗಡಿಗಳಲ್ಲಿ ಮಾತ್ರೆ ಖಾಲಿಯಾಗಿ, ನಿಜವಾಗಿ ಬೇಕಾಗಿದ್ದ ಲೂಪಸ್ ರೋಗಿಗಳು ಪರದಾಡಿದರು. ಮೇ 22ರಂದು ಲ್ಯಾನ್ಸೆಟ್‌ನಲ್ಲಿ ಬಂದ ಪ್ರಬಂಧ ಈ ಗದ್ದಲಕ್ಕೆ ತೆರೆ ಎಳೆಯುವಂತೆ ಕಂಡಿತು. ಆರು ಖಂಡಗಳ 671 ಆಸ್ಪತ್ರೆಗಳು, 96,032 ರೋಗಿಗಳು. ಮಾತ್ರೆ ಕೊಡದವರಲ್ಲಿ ಶೇ 9.3 ಸಾವು, ಕೊಟ್ಟವರಲ್ಲಿ ಶೇ 18. ಮೊದಲ ಲೇಖಕ ಮಂದೀಪ್ ಮೆಹ್ರಾ ಹಾರ್ವರ್ಡ್‌ನ ಹೆಸರಾಂತ ಹೃದ್ರೋಗ ತಜ್ಞ. ದತ್ತಾಂಶ ಒದಗಿಸಿದ್ದು ಸರ್ಜಿಸ್ಫಿಯರ್ ಎಂಬ ಅಮೆರಿಕದ ಪುಟ್ಟ ಕಂಪನಿ. ಅದರ ಮುಖ್ಯಸ್ಥ ಸಪನ್ ದೇಸಾಯಿ ಲೇಖಕರಲ್ಲೊಬ್ಬರು.

ಪರಿಣಾಮ ಕೂಡಲೇ ಆಯಿತು. ಮೇ 25ರಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ‘ಸಾಲಿಡಾರಿಟಿ’ ಪ್ರಯೋಗದಲ್ಲಿ ಈ ಮಾತ್ರೆಯ ಭಾಗವನ್ನು ನಿಲ್ಲಿಸಿತು. ಎರಡು ದಿನದಲ್ಲಿ ಫ್ರಾನ್ಸ್ ಕೋವಿಡ್‌ಗೆ ಅದರ ಬಳಕೆಯ ಅನುಮತಿಯನ್ನು ಹಿಂತೆಗೆದುಕೊಂಡಿತು. ಐಸಿಎಂಆರ್ ಮಾತ್ರ ತನ್ನ ಸಲಹೆಯನ್ನು ಬದಲಿಸಲು ಒಪ್ಪಲಿಲ್ಲ.

ಅಷ್ಟರಲ್ಲಿ ಓದುಗರು ಓದತೊಡಗಿದ್ದರು. ತಪ್ಪು ಸಿಕ್ಕಿದ್ದು ಸಂಪಾದಕರಿಗಲ್ಲ, ಪರಿಶೀಲಕರಿಗಲ್ಲ. ಪ್ರಕಟವಾದ ಕೋಷ್ಟಕಗಳನ್ನು ಕೂತು ಕೂಡಿ ಕಳೆದ ಹೊರಗಿನವರಿಗೆ. ಆಸ್ಟ್ರೇಲಿಯಾದ ಐದು ಆಸ್ಪತ್ರೆಗಳಲ್ಲಿ 73 ಸಾವು ಎಂದು ಪ್ರಬಂಧ ಹೇಳುತ್ತಿತ್ತು. ಆ ಅವಧಿಯಲ್ಲಿ ಇಡೀ ಆಸ್ಟ್ರೇಲಿಯಾದಲ್ಲಿ ಕೋವಿಡ್‌ನಿಂದ ಸತ್ತವರು 67! ‘ದಿ ಗಾರ್ಡಿಯನ್’ ಪತ್ರಿಕೆಯ ಆಸ್ಟ್ರೇಲಿಯಾ ವರದಿಗಾರರು ಇದನ್ನು ಹಿಡಿದು ಕೇಳಿದಾಗ, ಏಷ್ಯಾದ ಒಂದು ಆಸ್ಪತ್ರೆ ತಪ್ಪಾಗಿ ಆ ಪಟ್ಟಿಗೆ ಸೇರಿದೆ ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಲ್ಯಾನ್ಸೆಟ್ ಒಂದು ತಿದ್ದುಪಡಿ ಪ್ರಕಟಿಸಿ ಸುಮ್ಮನಾಗಲು ನೋಡಿತು.

ಸುಮ್ಮನಾಗಲು ಬಿಡಲಿಲ್ಲ. ಮೇ 28ರಂದೇ ನೂರಕ್ಕೂ ಹೆಚ್ಚು ವೈದ್ಯರು, ಸಂಖ್ಯಾಶಾಸ್ತ್ರಜ್ಞರು ಬಹಿರಂಗ ಪತ್ರ ಬರೆದಿದ್ದರು. ಆಫ್ರಿಕಾದ ಲೆಕ್ಕವನ್ನೇ ನೋಡಿ ಎಂದರು. ಪ್ರಬಂಧ ನಿಜವಾದರೆ, ಇಡೀ ಖಂಡದ ಕೋವಿಡ್ ರೋಗಿಗಳಲ್ಲಿ ಸುಮಾರು ಕಾಲು ಭಾಗ, ಸತ್ತವರಲ್ಲಿ ಶೇ 40ರಷ್ಟು ಮಂದಿ ಈ ಒಂದು ಕಂಪನಿಯ ಜತೆ ಕಂಪ್ಯೂಟರ್ ನಂಟು ಹೊಂದಿದ್ದ ಆಸ್ಪತ್ರೆಗಳಲ್ಲೇ ಇದ್ದಿರಬೇಕು. ನಂಬುವುದು ಹೇಗೆ? ಧೂಮಪಾನಿಗಳ, ಬೊಜ್ಜಿನವರ ಪ್ರಮಾಣ ಖಂಡದಿಂದ ಖಂಡಕ್ಕೆ ಹೆಚ್ಚುಕಡಿಮೆ ಒಂದೇ ಇತ್ತು. ಆಸ್ಪತ್ರೆಗಳ ಹೆಸರಿರಲಿ, ದೇಶಗಳ ಹೆಸರೂ ಇರಲಿಲ್ಲ. ನೈತಿಕ ಸಮಿತಿಯ ಒಪ್ಪಿಗೆಯ ಮಾತಿಲ್ಲ. ಕಂಪನಿಯ ಬೆರಳೆಣಿಕೆಯ ನೌಕರರಲ್ಲಿ ಒಬ್ಬರು ವೈಜ್ಞಾನಿಕ ಕಥೆ ಬರೆಯುವವರು, ಇನ್ನೊಬ್ಬರು ವಯಸ್ಕರ ಚಿತ್ರಗಳ ಮಾಡೆಲ್ ಎಂಬುದನ್ನು ಗಾರ್ಡಿಯನ್ ಹೊರಗೆಳೆಯಿತು.

ಸ್ವತಂತ್ರ ಲೆಕ್ಕ ಪರಿಶೋಧಕರು ಮೂಲ ದತ್ತಾಂಶ ಕೇಳಿದರು. ಆಸ್ಪತ್ರೆಗಳ ಜತೆಗಿನ ಗೋಪ್ಯತೆಯ ಒಪ್ಪಂದ ಅಡ್ಡ ಬರುತ್ತದೆ ಎಂದು ಸರ್ಜಿಸ್ಫಿಯರ್ ಕೈಚೆಲ್ಲಿತು. ಜೂನ್ 4ರಂದು ಉಳಿದ ಮೂವರು ಲೇಖಕರು ಪ್ರಬಂಧವನ್ನು ಹಿಂತೆಗೆದುಕೊಂಡರು. ಪ್ರಕಟವಾಗಿ ಹದಿಮೂರು ದಿನ. ಅದೇ ದಿನ, ಅದೇ ಕಂಪನಿಯ ದತ್ತಾಂಶ ನಂಬಿ ಮೇ 1ರಂದು ಬಂದಿದ್ದ ಇನ್ನೊಂದು ಪ್ರಬಂಧವನ್ನು ಬೋಸ್ಟನ್‌ನ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಕೂಡ ರದ್ದು ಮಾಡಿತು. ಜಗತ್ತಿನ ಅತಿ ಪ್ರತಿಷ್ಠಿತ ಎರಡು ವೈದ್ಯಕೀಯ ಪತ್ರಿಕೆಗಳು ಒಂದೇ ದಿನ, ಒಂದೇ ಕಾರಣಕ್ಕೆ ತಲೆತಗ್ಗಿಸಿದವು.

ಪರಿಶೀಲಕರು ಏನು ಮಾಡುತ್ತಿದ್ದರು ಎಂದು ಬೈಯುವುದು ಸುಲಭ. ಆದರೆ ಅವರ ಕೈಗೆ ಬರುವುದು ಪ್ರಬಂಧ ಮಾತ್ರ, ರೋಗಿಗಳ ಕಡತವಲ್ಲ. ಮದುವೆ ಮನೆಯ ಉಗ್ರಾಣಿ ಕೊಟ್ಟ ಪಟ್ಟಿಯನ್ನು ಅವರು ಕೂಡಿಸಿ ತಾಳೆ ನೋಡಿದರು, ಪಟ್ಟಿ ಸರಿಯಾಗಿತ್ತು. ಉಗ್ರಾಣದ ಬಾಗಿಲು ತೆಗೆದು ಮೂಟೆಗಳು ಇವೆಯೇ ಎಂದು ನೋಡುವ ಪದ್ಧತಿಯೇ ಇರಲಿಲ್ಲ. ಪೀರ್ ರಿವ್ಯೂ ವಾದದಲ್ಲಿನ ದೋಷ ಹಿಡಿಯುತ್ತದೆ, ಅತಿಶಯೋಕ್ತಿ ಕತ್ತರಿಸುತ್ತದೆ, ಬಿಟ್ಟುಹೋದದ್ದನ್ನು ಕೇಳುತ್ತದೆ. ಲೇಖಕ ಪ್ರಾಮಾಣಿಕ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಆ ನಂಬಿಕೆಗೇ ಕನ್ನ ಬಿದ್ದರೆ ಅದರ ಬಳಿ ಉಪಾಯವಿಲ್ಲ. ಆದರೂ ನನ್ನ ದೃಷ್ಟಿಯಲ್ಲಿ ಸಂಪಾದಕರ ತಪ್ಪು ಸಣ್ಣದಲ್ಲ. ಸಾಂಕ್ರಾಮಿಕದ ಉತ್ತುಂಗದಲ್ಲಿ, ಆಸ್ಪತ್ರೆಗಳೇ ಉಸಿರುಗಟ್ಟಿರುವಾಗ, ಯಾರೂ ಕೇಳರಿಯದ ಒಂದು ಕಂಪನಿ ಆರು ಖಂಡಗಳಿಂದ ಲಕ್ಷದ ಹತ್ತಿರ ರೋಗಿಗಳ ವಿವರ ಒಟ್ಟುಮಾಡಿತು ಎಂದರೆ ‘ಹೇಗಪ್ಪಾ?’ ಎಂದು ಕೇಳಲು ಸಂಖ್ಯಾಶಾಸ್ತ್ರ ಬೇಕಾಗಿಲ್ಲ. ಹಾರ್ವರ್ಡ್ ಎಂಬ ಹೆಸರು ಆ ಪ್ರಶ್ನೆಯ ಬಾಯಿ ಮುಚ್ಚಿಸಿತು.

ಇದಕ್ಕೂ ಹಿಂದಿನ ಇನ್ನೊಂದು ಪ್ರಕರಣದ ಪಕ್ಕದಲ್ಲಿಟ್ಟು ಇದನ್ನು ನೋಡಬೇಕು. 1998ರ ಫೆಬ್ರುವರಿಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಬರೆದ ಪ್ರಬಂಧ ಇದೇ ಲ್ಯಾನ್ಸೆಟ್‌ನಲ್ಲಿ ಬಂದಿತ್ತು. ಕೇವಲ 12 ಮಕ್ಕಳ ವಿವರ. ದಡಾರ, ಮಂಗಬಾವು, ರುಬೆಲ್ಲಾ ಲಸಿಕೆಗೂ ಆಟಿಸಂಗೂ ನಂಟಿದೆಯೆಂಬ ಗುಮಾನಿ ಅದರಿಂದ ಹುಟ್ಟಿತು. 2004ರಲ್ಲಿ ಹತ್ತು ಲೇಖಕರು ಆ ವ್ಯಾಖ್ಯಾನದಿಂದ ಹಿಂದೆ ಸರಿದರು. ಬ್ರಯನ್ ಡೀರ್ ಎಂಬ ಪತ್ರಕರ್ತ ವರ್ಷಗಟ್ಟಲೆ ಬೆನ್ನುಹತ್ತಿದರು. ಲ್ಯಾನ್ಸೆಟ್ ಅದನ್ನು ಪೂರ್ತಿ ಹಿಂತೆಗೆದುಕೊಂಡದ್ದು 2010ರ ಫೆಬ್ರುವರಿಯಲ್ಲಿ, ಹನ್ನೆರಡು ವರ್ಷದ ಬಳಿಕ. ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಲಸಿಕೆ ಪ್ರಮಾಣ ಕುಸಿದು ದಡಾರ ಮರಳಿ ಬಂದಿತ್ತು. ಆ ಭಯ ಇಂದಿಗೂ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಎರಡೂ ಸಲ ಪತ್ರಿಕೆಯ ತಪ್ಪನ್ನು ಹೊರಗಿನ ಪತ್ರಕರ್ತರು ಬೆನ್ನಟ್ಟಿದರು. ಹನ್ನೆರಡು ವರ್ಷ ಹಿಡಿದ ಕೆಲಸ 2020ರಲ್ಲಿ ಹದಿಮೂರು ದಿನಕ್ಕೆ ಮುಗಿಯಿತು ಎಂಬುದಷ್ಟೇ ವ್ಯತ್ಯಾಸ, ಮತ್ತು ಅದು ದೊಡ್ಡ ವ್ಯತ್ಯಾಸ.

ಹಗರಣದ ಸದ್ದಿನಲ್ಲಿ ಮುಚ್ಚಿಹೋದ ಸಂಗತಿಯೊಂದಿದೆ. ಅದೇ ವಾರ, ಜೂನ್ 1ರಂದು, ಲ್ಯಾನ್ಸೆಟ್‌ನಲ್ಲೇ ಅಂತರ ಮತ್ತು ಮಾಸ್ಕ್ ಬಗ್ಗೆ 172 ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿದ ಪ್ರಬಂಧ ಬಂತು. ಒಂದು ಮೀಟರ್ ಅಂತರದಿಂದ ಸೋಂಕು ಕಡಿಮೆಯಾಗುತ್ತದೆ, ಮಾಸ್ಕ್‌ನಿಂದಲೂ ಉಪಯೋಗವಿದೆ, ಆದರೆ ಪುರಾವೆ ಅಷ್ಟು ಗಟ್ಟಿಯಲ್ಲ ಎಂದು ಅದು ಸಂಕೋಚದಿಂದಲೇ ಹೇಳಿತು. ಜೂನ್ 5ರಂದು ವಿಶ್ವ ಆರೋಗ್ಯ ಸಂಸ್ಥೆ ಮಾಸ್ಕ್ ಸಲಹೆಯನ್ನು ಬದಲಿಸಿತು.

ಮಾತ್ರೆಯ ಗತಿ? ಪ್ರಬಂಧ ಬಿದ್ದಿತೆಂದು ಅದರ ಅಭಿಮಾನಿಗಳು ಹಿಗ್ಗಿದರು. ಹಿಗ್ಗು ಒಂದು ದಿನವೂ ಉಳಿಯಲಿಲ್ಲ. ಜೂನ್ 5ರಂದೇ ಬ್ರಿಟನ್ನಿನ ‘ರಿಕವರಿ’ ಪ್ರಯೋಗದವರು, ನಿಜವಾದ ಆಸ್ಪತ್ರೆಗಳಲ್ಲಿ ನಿಜವಾದ ರೋಗಿಗಳಿಗೆ ಚೀಟಿ ಎತ್ತಿದಂತೆ ಹಂಚಿ ನೋಡಿ, ಹೈಡ್ರಾಕ್ಸಿಕ್ಲೋರೊಕ್ವಿನ್‌ನಿಂದ ಪ್ರಯೋಜನವಿಲ್ಲ ಎಂದರು. ಅಕ್ಟೋಬರ್‌ನಲ್ಲಿ ಬಂದ ಪೂರ್ಣ ಲೆಕ್ಕ: ಮಾತ್ರೆ ಪಡೆದ 1,561 ಮಂದಿಯಲ್ಲಿ ಶೇ 27 ಸಾವು, ಪಡೆಯದ 3,155 ಮಂದಿಯಲ್ಲಿ ಶೇ 25. ನಂಬಲಾಗದ ಪ್ರಬಂಧ ಮಾತ್ರೆ ಸಾವನ್ನು ಹೆಚ್ಚಿಸುತ್ತದೆ ಎಂದಿತ್ತು, ಪ್ರಚಾರಕರು ಜೀವ ಉಳಿಸುತ್ತದೆ ಎಂದಿದ್ದರು. ಎರಡೂ ಅಲ್ಲ.

ಸೆಪ್ಟೆಂಬರ್‌ನಲ್ಲಿ ಲ್ಯಾನ್ಸೆಟ್ ನಿಯಮ ಬಿಗಿ ಮಾಡಿತು. ಒಬ್ಬರಿಗಿಂತ ಹೆಚ್ಚು ಲೇಖಕರು ಮೂಲ ದತ್ತಾಂಶವನ್ನು ಸ್ವತಃ ನೋಡಿ ಖಾತರಿ ಮಾಡಿಕೊಂಡಿದ್ದೇವೆ ಎಂದು ಸಹಿ ಹಾಕಬೇಕು. ದೊಡ್ಡ ದತ್ತಾಂಶದ ಪ್ರಬಂಧಕ್ಕೆ ಅಂಥ ದತ್ತಾಂಶದ ಒಳಹೊರಗು ಬಲ್ಲ ಪರಿಶೀಲಕರು ಬೇಕು. ಇಷ್ಟು ದಿನ ಈ ನಿಯಮ ಇರಲಿಲ್ಲವೇ ಎಂದು ಓದುಗರಿಗೆ ಅನ್ನಿಸಿದರೆ ತಪ್ಪಿಲ್ಲ.

ವರ್ಷದ ಕೊನೆಯಲ್ಲಿ ಬಂದದ್ದು ನಮ್ಮೆಲ್ಲರ ತೋಳಿಗೆ ಸಂಬಂಧಿಸಿದ್ದು. ಆಕ್ಸ್‌ಫರ್ಡ್-ಆಸ್ಟ್ರಾಜೆನೆಕಾ ಲಸಿಕೆಯ ಮೊದಲ ಹಂತದ ಫಲಿತಾಂಶ, 1,077 ಆರೋಗ್ಯವಂತರ ಮೇಲಿನ ಪ್ರಯೋಗ, ಜುಲೈ 20ರಂದು ಲ್ಯಾನ್ಸೆಟ್‌ನಲ್ಲಿ ಬಂದಿತ್ತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿ ನಾವು ಕೋವಿಶೀಲ್ಡ್ ಎಂದು ಹಾಕಿಸಿಕೊಂಡದ್ದು ಇದನ್ನೇ. ನವೆಂಬರ್ 23ರಂದು ಕಂಪನಿ ಪತ್ರಿಕಾ ಪ್ರಕಟಣೆ ಹೊರಡಿಸಿತು: ಪರಿಣಾಮ ಸರಾಸರಿ ಶೇ 70, ಒಂದು ಗುಂಪಿನಲ್ಲಿ ಶೇ 90. ಟಿ.ವಿ.ಗಳು ತೊಂಬತ್ತನ್ನೇ ಹಿಡಿದು ಕೂಗಿದವು. ಡಿಸೆಂಬರ್ 8ರಂದು ಪ್ರಬಂಧ ಬಂದಾಗ ಒಳಗಿನ ಲೆಕ್ಕ ಎಲ್ಲರಿಗೂ ಕಂಡಿತು. ಲಸಿಕೆ ಪಡೆದ 5,807 ಮಂದಿಯಲ್ಲಿ 30 ಜನರಿಗೆ, ಪಡೆಯದ 5,829 ಮಂದಿಯಲ್ಲಿ 101 ಜನರಿಗೆ ಕಾಯಿಲೆ. ಎರಡೂ ಪೂರ್ತಿ ಡೋಸ್ ಪಡೆದವರಲ್ಲಿ ಪರಿಣಾಮ ಶೇ 62.1. ಶೇ 90 ಬಂದದ್ದು, ಲಸಿಕೆಯ ಸಾಂದ್ರತೆ ಅಳೆಯುವಾಗ ಆದ ವ್ಯತ್ಯಾಸದಿಂದ ಮೊದಲ ಬಾರಿ ಅರ್ಧ ಡೋಸ್ ಪಡೆದವರಲ್ಲಿ. ಆ ಗುಂಪಿನಲ್ಲಿ 55 ದಾಟಿದವರು ಇರಲೇ ಇಲ್ಲ.

ಪತ್ರಿಕಾ ಪ್ರಕಟಣೆ ಮುಚ್ಚಿಡುವುದನ್ನು ಪ್ರಬಂಧ ಬಿಚ್ಚಿಡಬೇಕಾಗುತ್ತದೆ. ಅಷ್ಟು ಬೈಗುಳ ತಿಂದ ಪೀರ್ ರಿವ್ಯೂ ಸಂಪಾದಿಸಿಕೊಟ್ಟದ್ದು ಇದನ್ನೇ. ಕೋಷ್ಟಕ ಹಾಕು, ವಯಸ್ಸು ಹೇಳು, ಯಾರಿಗೆ ಎಷ್ಟು ಡೋಸ್ ಎಂದು ಬರೆ ಎಂಬ ಒತ್ತಾಯ ಇಲ್ಲದಿದ್ದರೆ ನಮಗೆ ಸಿಗುತ್ತಿದ್ದುದು ಜಾಹೀರಾತು ಮಾತ್ರ.

ಭಾರತಕ್ಕೂ ಲ್ಯಾನ್ಸೆಟ್ ಬಳಗಕ್ಕೂ ಹಳೆಯ ಮುನಿಸೊಂದಿದೆ. 2010ರಲ್ಲಿ ಅದರ ಸೋದರ ಪತ್ರಿಕೆಯಲ್ಲಿ, ಆ್ಯಂಟಿಬಯೊಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾದ, ‘ನ್ಯೂಡೆಲ್ಲಿ’ ಹೆಸರು ಹೊತ್ತ ಕಿಣ್ವದ ಬಗ್ಗೆ ಪ್ರಬಂಧ ಬಂದು ಸಂಸತ್ತಿನವರೆಗೂ ಗದ್ದಲವಾಗಿತ್ತು. ಹೆಸರಿನ ವಿಚಾರಕ್ಕೆ ಹಾರ್ಟನ್ ಮರುವರ್ಷ ಕ್ಷಮೆ ಕೇಳಿದರು. 2020ರ ಸೆಪ್ಟೆಂಬರ್ 26ರ ಸಂಚಿಕೆಯ ಸಂಪಾದಕೀಯ ಆ ಗಾಯವನ್ನು ಮತ್ತೆ ಕೆದಕಿತು. ದೇಶದಲ್ಲಿ ದಿನಕ್ಕೆ 90 ಸಾವಿರ ಪ್ರಕರಣ ದಾಟಿದ್ದ ತಿಂಗಳು ಅದು. ಅಂಕಿಅಂಶಗಳನ್ನು ಚೆಂದಗಾಣಿಸಿ ಸುಳ್ಳು ಆಶಾವಾದ ಹಂಚುವುದು ಅಪಾಯಕಾರಿ ಎಂದು ಪತ್ರಿಕೆ ಎಚ್ಚರಿಸಿತು. ಆಗ ಸಿಟ್ಟು ಬಂದವರೂ ಮುಂದಿನ ಏಪ್ರಿಲ್‌ನಲ್ಲಿ ಆಕ್ಸಿಜನ್‌ಗಾಗಿ ಸಾಲು ನಿಂತರು.

ಇಂಥ ಪತ್ರಿಕೆಗಳ ಮಾನ ಅಳೆಯಲು ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಅಂಕಿ ಇದೆ. ಹಿಂದಿನ ಎರಡು ವರ್ಷಗಳಲ್ಲಿ ಬಂದ ಪ್ರಬಂಧಗಳನ್ನು ಈ ವರ್ಷ ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಎಂಬ ಲೆಕ್ಕ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಬಡ್ತಿಗಾಗಿ ಪ್ರಬಂಧ ಬರೆಯುವವರಿಗೆ ಇದು ಬಾಯಿಪಾಠ. ಲ್ಯಾನ್ಸೆಟ್‌ನ 2019ರ ಅಂಕಿ 60 ಇತ್ತು, 2020ರದ್ದು 79ಕ್ಕೇರಿತು, 2021ರದ್ದು 202 ಮುಟ್ಟಿತು. ಹಗರಣದಿಂದ ಒಂದು ಅಂಕವೂ ಕಡಿಮೆಯಾಗಲಿಲ್ಲ. ವುಹಾನ್‌ನ 41 ರೋಗಿಗಳ ಪ್ರಬಂಧವೊಂದನ್ನೇ ಹತ್ತಾರು ಸಾವಿರ ಸಲ ಉಲ್ಲೇಖಿಸಲಾಯಿತು. ಹಿಂತೆಗೆದುಕೊಂಡ ಪ್ರಬಂಧಗಳಿಗೂ ಉಲ್ಲೇಖಗಳ ಬರ ಬರಲಿಲ್ಲ. ಸರ್ಜಿಸ್ಫಿಯರ್‌ನ ಎರಡು ಪ್ರಬಂಧಗಳನ್ನು 2020ರಲ್ಲಿ ಉಲ್ಲೇಖಿಸಿದ 200 ಲೇಖನಗಳನ್ನು ‘ಸೈನ್ಸ್’ ಪತ್ರಿಕೆ ತೆಗೆದು ನೋಡಿದಾಗ, ಅರ್ಧಕ್ಕೂ ಹೆಚ್ಚಿನವು ಅವು ರದ್ದಾಗಿವೆ ಎಂಬುದನ್ನೇ ಹೇಳದೆ ಪುರಾವೆಯಾಗಿ ಬಳಸಿದ್ದವು.

ನಮ್ಮ ಸುದ್ದಿವಾಹಿನಿಗಳಲ್ಲಿ ‘ಲ್ಯಾನ್ಸೆಟ್ ವರದಿ’ ಎಂಬ ಮಾತು ಈಗಲೂ ಆಗಾಗ ಕೇಳುತ್ತದೆ. ಸಂಶೋಧನೆ, ಸಂಪಾದಕೀಯ, ಯಾರೋ ಬರೆದ ಪತ್ರ, ಎಲ್ಲಕ್ಕೂ ಅದೇ ಹೆಸರು. 2020ರ ಫೆಬ್ರುವರಿ 19ರಂದು ಅಲ್ಲಿ ಬಂದ, ವೈರಾಣುವಿನ ಮೂಲದ ಬಗ್ಗೆ 27 ವಿಜ್ಞಾನಿಗಳು ಸಹಿ ಹಾಕಿದ ಹೇಳಿಕೆಯನ್ನೂ ಹಲವರು ಸಂಶೋಧನೆಯೆಂದೇ ತಿಳಿದರು. ಸಹಿ ಹಾಕಿದವರಲ್ಲಿ ಒಬ್ಬರಿಗೆ ವುಹಾನ್‌ನ ವೈರಾಣು ಪ್ರಯೋಗಾಲಯದ ಜತೆಗಿದ್ದ ಸಂಬಂಧವನ್ನು ಪತ್ರಿಕೆ ಸೇರಿಸಿ ಪ್ರಕಟಿಸಿದ್ದು 2021ರ ಜೂನ್‌ನಲ್ಲಿ. ಹಾಗಾಗಿ ಮುಂದಿನ ಸಲ ಆ ಹೆಸರು ಕೇಳಿದಾಗ ಮೂರು ಪ್ರಶ್ನೆ ಕೇಳಿ: ಇದು ಸಂಶೋಧನೆಯೋ ಅಭಿಪ್ರಾಯವೋ? ಎಷ್ಟು ರೋಗಿಗಳು, ಯಾವ ಆಸ್ಪತ್ರೆ? ಪ್ರಬಂಧ ಇನ್ನೂ ನಿಂತಿದೆಯೋ, ಹಿಂತೆಗೆದುಕೊಂಡಿದ್ದಾರೋ? ಮೂರನೆಯದಕ್ಕೆ ಉತ್ತರ ಹುಡುಕುವುದು ಕಷ್ಟವೇನಲ್ಲ. ರದ್ದಾದ ಪ್ರಬಂಧವನ್ನು ಲ್ಯಾನ್ಸೆಟ್ ಅಳಿಸಿಹಾಕಿಲ್ಲ. ರದ್ದಾಗಿದೆ ಎಂಬ ಗುರುತಿನೊಂದಿಗೆ ಅದು ಇಂದಿಗೂ ಜಾಲತಾಣದಲ್ಲಿದೆ, ಯಾರು ಬೇಕಾದರೂ ತೆರೆದು ನೋಡಬಹುದು.